ಸಿ ಪಕ್ಕದ ಗೀಟು

ಆ ಗೀಟನ್ನು ವರ್ನೀಸ್ ಮೊದಲು ಕಸವೆಂದುಕೊಂಡಿದ್ದಳು. ಅಂಕಪಟ್ಟಿಯಲ್ಲಿ ದೇಹರಚನೆಯ ಎದುರಿಗೆ ಸಿ ಎಂದಿತ್ತು, ಅದರ ಪಕ್ಕದಲ್ಲಿ ಚಿಕ್ಕದೊಂದು ಅಡ್ಡಗೀಟು. ಮುದ್ರಣದ ಮಸಿಯೋ, ಅಡುಗೆಮನೆಯ ಮೇಜಿನ ಮೇಲಿದ್ದ ಏನಾದರೂ ಅಂಟಿಕೊಂಡಿತೋ ಎಂದು ಉಗುರಿನಿಂದ ಕೆರೆದು ನೋಡಿದ್ದಳು. ಕಾಗದ ಸವೆಯಿತು, ಗೀಟು ಹೋಗಲಿಲ್ಲ. ಎರಡು ವರ್ಷದ ಕಾಲೇಜಿನಲ್ಲಿ ಅದರ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ. ಅಲ್ಲಿ ಪಾಸು ಅಂದರೆ ಪಾಸು. 'ಸಿ ಬಂದರೂ ಪದವಿ ಬರುತ್ತೆ' ಅನ್ನುವುದು ಅಲ್ಲಿನ ಗಾದೆ. ಹಗಲೆಲ್ಲ ಗೋದಾಮಿನಲ್ಲಿ, ಹೋಟೆಲಿನಲ್ಲಿ, ಅವಳ ಹಾಗೆ ವೃದ್ಧಾಶ್ರಮದಲ್ಲಿ ದುಡಿದು ಸಂಜೆ ಕಲಿಯಲು ಬರುತ್ತಿದ್ದವರು ಅದನ್ನೇ ಒಬ್ಬರಿಗೊಬ್ಬರು ಹೇಳಿಕೊಂಡು, ಊದಿಕೊಂಡ ಕಾಲೆಳೆದುಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಎರಡು ವರ್ಷದ ಓದನ್ನು ಅವಳು ಏಳು ವರ್ಷಕ್ಕೆ ಎಳೆದು ಮುಗಿಸಿದ್ದಳು. ಒಂದೊಂದು ಸಲಕ್ಕೆ ಒಂದೊಂದೇ ವಿಷಯ, ಚಳಿಗಾಲದ ಉಣ್ಣೆಬಟ್ಟೆ ಹೆಣೆದ ಹಾಗೆ, ನಡುನಡುವೆ ಹೆಣಿಗೆ ಬಿಚ್ಚಿಕೊಳ್ಳುತ್ತ. ಈಗ ಆ ಬಟ್ಟೆಯನ್ನು ಅವಳು ಮುಂದೆ ಸೇರಲಿರುವ ವಿಶ್ವವಿದ್ಯಾಲಯದವರು ಬೆಳಕಿಗೆ ಹಿಡಿದು ನೋಡುವ ದಿನ.

ಅವಳು ಕೂತಿದ್ದದ್ದು ತಂದೆತಾಯಿಗಳ ಸಾಲಿನಲ್ಲಿ. ಬಾಗಿಲಿನ ಬಳಿ ಮೇಜು ಹಾಕಿಕೊಂಡು ಕೂತಿದ್ದ ಹುಡುಗಿ ನಗುನಗುತ್ತಲೇ ಹೇಳಿದ್ದಳು, ತಂದೆತಾಯಿಯರು ಆ ಕಡೆ, ಮಕ್ಕಳು ಮಾತ್ರ ಒಳಗೆ ಎಂದು. 'ನಾನೇ ವಿದ್ಯಾರ್ಥಿ' ಎನ್ನಲು ಒಂದು ಉಸಿರು ಸಾಕಿತ್ತು. ಆದರೆ ಹಿಂದೆ ಐದಾರು ಜನ ನಿಂತಿದ್ದರು, ಹುಡುಗಿಯ ನಗು ಅಷ್ಟು ಒಳ್ಳೆಯದಾಗಿತ್ತು, ಅದನ್ನು ಅವಳ ಮುಖದಿಂದ ಇಳಿಸುವುದು ವರ್ನೀಸಳಿಗೆ ಆಗಲಿಲ್ಲ. ಹೋಗಿ ಕೂತಳು. ಪಕ್ಕದ ಹೆಂಗಸು ಕೈಚೀಲದಿಂದ ಪೆಪ್ಪರ್‌ಮಿಂಟ್ ತೆಗೆದುಕೊಟ್ಟು, ನಿಮಗೆ ಮಗನೋ ಮಗಳೋ ಎಂದು ವಿಚಾರಿಸಿದಳು. ವರ್ನೀಸ್ ಮಿಠಾಯಿಯನ್ನು ಬಾಯಿಗೆ ಹಾಕಿಕೊಂಡು ತಲೆಯಾಡಿಸಿದಳು, ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ. ಒಂದು ಸುಳ್ಳನ್ನು ಹೇಳಬೇಕೆಂದೇನಿಲ್ಲ, ಅದರ ಪಕ್ಕದಲ್ಲಿ ಸುಮ್ಮನೆ ಕೂತಿದ್ದರೂ ಸಾಕು, ಅದು ತಾನೇ ಬೆಳೆಯುತ್ತದೆ ಎನ್ನುವುದು ಅವಳಿಗೆ ಹೊಸದಲ್ಲ.

ಕೆಳಗೆ ಕಾರಿನಲ್ಲಿ ಅಣ್ಣ ಥರ್ಮನ್ ಕಾಯುತ್ತಿದ್ದ. ಅವಳ ಕಾರು ಬೆಳಿಗ್ಗೆ ಕೆಮ್ಮಿ ಸುಮ್ಮನಾದ ಮೇಲೆ ಅವನನ್ನೇ ಕೇಳಬೇಕಾಯಿತು. ನಗರಸಭೆಯ ಕಸದ ಲಾರಿ ಓಡಿಸುವ ಅವನಿಗೆ ಇವತ್ತು ರಜ. ಬಂದ, ಬಾರದೆ ಇರುವವನಲ್ಲ ಅವನು. ಮೆಂಫಿಸಿನ ಅರ್ಧ ಊರು ದಾಟುವವರೆಗೂ ಸಿಗ್ನಲ್ ಬಂದಲ್ಲೆಲ್ಲ ಅವನದೊಂದು ಮಾತು. "ಇಷ್ಟು ವಯಸ್ಸಿಗೆ ಜನ ಮೊಮ್ಮಕ್ಕಳನ್ನ ಸ್ಕೂಲಿಗೆ ಬಿಡ್ತಾರೆ. ನಾನು ತಂಗೀನ ಬಿಡ್ತಾ ಇದೀನಿ." ಆಮೇಲೆ, "ಊಟ ತಂದಿದೀಯಾ? ನೀರಿನ ಬಾಟ್ಲು? ಮೂಗೊರೆಸ್ಕೊಳ್ಳೋಕೆ ಕರ್ಚೀಪು?" ವರ್ನೀಸ್ ನಕ್ಕಿದ್ದಳು. ಈ ಬಗೆಯ ಮಾತಿಗೆ ನಗಬಹುದು. ನಗಲಾರದ್ದು ಬೇರೆ ಒಂದಿತ್ತು, ಅದನ್ನು ಅವನು ಇವತ್ತು ಇನ್ನೂ ಆಡಿರಲಿಲ್ಲ. ಚರ್ಚಿನ ಊಟಕ್ಕೆ ಅವಳು ತಡವಾಗಿ ಬಂದರೆ, ಅತ್ತೆಯ ಮಗನ ಮದುವೆಗೆ ಬರದಿದ್ದರೆ, ಫೋನು ಎತ್ತದಿದ್ದರೆ, ಥರ್ಮನ್ ಮನೆಯಲ್ಲಿ ಕರೆಯುವ ಹೆಸರಿನಿಂದಲೇ ಎಲ್ಲರೆದುರಿಗೆ ಹೇಳುತ್ತಿದ್ದ: "ನೀಸಿಗೆ ಪರೀಕ್ಷೆ ಇರ್ಬೇಕು ಬಿಡಿ." ಜನ ನಗುತ್ತಿದ್ದರು. ಮೊದಮೊದಲು ಮುಖ ಮುಖ ನೋಡಿಕೊಂಡು ನಕ್ಕರು. ಐದು ವರ್ಷದಲ್ಲಿ ಅದು ಸವೆದು ಮನೆಮಾತಾಯಿತು. ಈಗ ನೆಂಟರ ಚಿಕ್ಕ ಮಕ್ಕಳೂ ಅನ್ನುತ್ತವೆ, ಯಾವ ಪರೀಕ್ಷೆ ಅಂತ ಗೊತ್ತಿಲ್ಲದೆ.

"ವರ್ನೀಸ್ ಗೇದರ್ಸ್" ಎಂದು ಒಳಗಿನಿಂದ ಕೂಗಿದಾಗ ಅವಳು ಎದ್ದಳು. ಪೆಪ್ಪರ್‌ಮಿಂಟಿನ ಹೆಂಗಸು ಮೊದಲು ಅವಳ ಮುಖವನ್ನು, ಆಮೇಲೆ ಅವಳ ಹೆಗಲಿನ ಚೀಲವನ್ನು ನೋಡಿ, "ಓ" ಎಂದಳು. ಅಷ್ಟೇ. ಆ 'ಓ' ಬಾಗಿಲ ತನಕ ಬೆನ್ನಿಗೆ ಅಂಟಿಕೊಂಡು ಬಂತು.

ಒಳಗಿದ್ದ ಸಲಹೆಗಾರ್ತಿ ಮಿಸ್ ಹಾಲಿಸ್‌ಗೆ ಇಪ್ಪತ್ತೈದು ದಾಟಿರಲಾರದು. ಬಿಳಿಯ ಹುಡುಗಿ, ಮೂಗಿನ ಮೇಲೆ ಬಿಸಿಲಿನ ಕಲೆ, ಕಿಟಕಿಯಲ್ಲಿ ಸಾಯುತ್ತಿದ್ದ ಒಂದು ಗಿಡ. ವರ್ನೀಸ್ ಕೂರುತ್ತ ಮೇಡಂ ಎಂದಾಗ, ಅಯ್ಯೋ ಮೇಡಂ ಎಲ್ಲ ಬೇಡ, ಹೆಸರು ಹಿಡಿದು ಪೇಜ್ ಅನ್ನಿ ಸಾಕು ಎಂದಳು. ವರ್ನೀಸ್ ಆಗಲಿ ಮೇಡಂ ಎಂದಳು. ನಾಲಿಗೆಗೆ ಒಂದು ಸಲ ಬಿದ್ದ ದಾರಿ ಅದು, ಹುಲ್ಲು ಬೆಳೆಯುವುದಿಲ್ಲ. ಹುಡುಗಿ ಕಂಪ್ಯೂಟರಿನ ಮುಖವನ್ನು ಇವಳ ಕಡೆ ತಿರುಗಿಸಿ ಸಂತೋಷದ ಸುದ್ದಿ ಮೊದಲು ಹೇಳಿದಳು. ಹಳೆಯ ಕಾಲೇಜಿನ ಎಲ್ಲ ಕ್ರೆಡಿಟ್ಟುಗಳೂ ಬಂದಿವೆ, ಎಲ್ಲವನ್ನೂ ಒಪ್ಪಿಕೊಂಡಿದ್ದೇವೆ, ಒಂದನ್ನೂ ಬಿಟ್ಟಿಲ್ಲ. ವರ್ನೀಸ್ ಚೀಲವನ್ನು ಹೆಗಲಿನಿಂದ ಇಳಿಸಿದಳು. ಆಗಸ್ಟಿನಲ್ಲಿ ನರ್ಸಿಂಗಿಗೆ ಸೇರುವುದು, ಬಿಳಿಯ ಬೂಟು, ವೃದ್ಧಾಶ್ರಮದಲ್ಲಿ ಇಷ್ಟು ವರ್ಷ ತಾನು ಕರೆಯುತ್ತಿದ್ದ ನರ್ಸಮ್ಮನ ಜಾಗದಲ್ಲಿ ತಾನೇ ಬಂದು ನಿಲ್ಲುವುದು, ಇದೆಲ್ಲ ಒಂದು ಗಳಿಗೆ ಕಣ್ಣೆದುರಿಗೆ ಬಂತು. ಆಮೇಲೆ ಹುಡುಗಿಯ ಬೆರಳು ಪರದೆಯ ಮೇಲೆ ಒಂದು ಸಾಲಿನಲ್ಲಿ ನಿಂತಿತು.

"ಇದೊಂದು ಮಾತ್ರ. ದೇಹರಚನೆ. ಇದನ್ನ ಐಚ್ಛಿಕ ಅಂತ ಒಪ್ಕೊಂಡಿದಾರೆ."

"ಅಂದ್ರೆ?"

"ಬಂದಿದೆ. ಆದ್ರೆ ನರ್ಸಿಂಗ್‌ಗೆ ಲೆಕ್ಕಕ್ಕೆ ಬರಲ್ಲ. ಅದಕ್ಕೆ ಸಿ ಬೇಕು. ನಿಮ್ದು ಸಿ ಮೈನಸ್."

ಆಟಕ್ಕುಂಟು, ಲೆಕ್ಕಕ್ಕಿಲ್ಲ. ಚಿಕ್ಕವಳಿದ್ದಾಗ, ಮನೆಯ ಹಿಂದಿನ ಖಾಲಿ ಜಾಗದಲ್ಲಿ ಥರ್ಮನ್ ಮತ್ತು ಅವನ ಗೆಳೆಯರು ಚೆಂಡಾಡುವಾಗ ಅವಳು ಅಳುತ್ತ ನಿಂತಿರುತ್ತಿದ್ದಳು. ಥರ್ಮನ್ ಕೊನೆಗೆ, ಇವಳೂ ಆಡಲಿ ಬಿಡ್ರೋ ಎಂದು, ಗೆಳೆಯರ ಕಿವಿಯಲ್ಲಿ ಮಾತ್ರ ಇವಳ ಓಟ ಎಣಿಸಬೇಡಿ ಎನ್ನುತ್ತಿದ್ದ. ಅವಳು ಪ್ರಾಣ ಬಿಟ್ಟು ಓಡುತ್ತಿದ್ದಳು. ಮಣ್ಣಿನಲ್ಲಿ ಜಾರಿ ಮಂಡಿ ತರಚಿಕೊಂಡು ಗೆರೆ ಮುಟ್ಟುತ್ತಿದ್ದಳು. ಹುಡುಗರು ಕೇಕೆ ಹಾಕುತ್ತಿದ್ದರು. ಎಣಿಸಬೇಡಿ ಎಂದಿದ್ದನೆಂದು ಅವಳಿಗೆ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ. ರಕ್ತ ಮಾತ್ರ ಲೆಕ್ಕಕ್ಕಿದ್ದ ರಕ್ತವೇ. ಅಮ್ಮ ಬಾಗಿಲಲ್ಲಿ ಕೂರಿಸಿಕೊಂಡು ತೊಳೆದಾಗ ಉರಿದಿತ್ತು.

ಮಿಸ್ ಹಾಲಿಸ್ ನಿಧಾನವಾಗಿ ಬಿಡಿಸಿ ಹೇಳಿದಳು. ದೇಹರಚನೆ ಮುಗಿಯದೆ ನರ್ಸಿಂಗಿನ ಮೊದಲ ಎರಡು ವಿಷಯ ತೆಗೆದುಕೊಳ್ಳುವ ಹಾಗಿಲ್ಲ. ಅವನ್ನು ಈ ಆಗಸ್ಟಿಗೇ ತೆಗೆದುಕೊಳ್ಳದೆ ಸೀಟಿಲ್ಲ. ಸೀಟು ಕೊಡುವುದು ವರ್ಷಕ್ಕೊಂದೇ ಸಲ, ಅದೂ ಮುಂದಿನ ವರ್ಷ ಇರುತ್ತದೆಂದು ಯಾರೂ ಮಾತು ಕೊಡಲಾರರು. ಅಂದರೆ ಆಗಸ್ಟಿನಲ್ಲಿ ಮತ್ತೆ ಮೂಳೆಯಿಂದ ಶುರು. ಹುಡುಗಿಯ ದನಿಯಲ್ಲಿ ನಿಜವಾದ ಮರುಕವಿತ್ತು. ವರ್ನೀಸ್ ತನ್ನ ಕೈಗಳನ್ನು ನೋಡಿಕೊಂಡಳು. ಈ ಕೈಗಳು ದಿನವೂ ಎಷ್ಟು ಸೊಂಟದ ಮೂಳೆಗಳನ್ನು ಹಾಸಿಗೆಯಿಂದ ಎತ್ತುತ್ತವೆ. ಹಾಗೆಂದು ಹೇಳಿಕೊಳ್ಳುವುದು ಅವಳಿಗೆ ನಾಚಿಕೆಯೆನಿಸಿತು. ಎತ್ತುವುದಕ್ಕೆ ಯಾರೂ ಸಿ ಕೊಡುವುದಿಲ್ಲ.

"ಒಂದು ದಾರಿ ಇದೆ," ಎಂದಳು ಹುಡುಗಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡು. "ಸಮಿತಿಗೆ ಒಂದು ಮನವಿ ಹಾಕ್ಬಹುದು. ಆ ಪರೀಕ್ಷೆ ಹೊತ್ತಲ್ಲಿ ಏನಾದ್ರೂ ಆಗಿತ್ತಾ? ಕಾಯಿಲೆ, ಅಪಘಾತ, ಮನೇಲಿ ಯಾರಾದ್ರೂ ತೀರಿಕೊಂಡಿದ್ದು... ಅಂಥದ್ದಿದ್ರೆ ಅವ್ರು ಆ ಗೀಟು ನೋಡಲ್ಲ. ಹೋದ ತಿಂಗಳು ಒಬ್ರಿಗೆ ಅಜ್ಜಿ ಹೋಗಿದ್ರು ಅಂತ ಬಿಟ್ರು."

ಬೆರಳುಗಳನ್ನು ಕೀಲಿಗಳ ಮೇಲಿಟ್ಟುಕೊಂಡು ಅವಳು ಕಾದಳು. ಹೇಳಿದರೆ ಸಾಕು, ಬರೆದುಕೊಳ್ಳಲು ಸಿದ್ಧವಾಗಿದ್ದಳು.

ಐದು ವರ್ಷದ ಹಿಂದೆ, ಆ ಪರೀಕ್ಷೆಯ ದಿನ ಮಧ್ಯಾಹ್ನ, ಆಸ್ಪತ್ರೆಯಲ್ಲಿ ಅಮ್ಮನ ಹಾಸಿಗೆ ಒದ್ದೆಯಾಗಿತ್ತು. ಕರೆಗಂಟೆ ಒತ್ತಿದರೂ ಯಾರೂ ಬರಲಿಲ್ಲ, ಬಾರದಿರುವುದಕ್ಕೆ ಕಾರಣ ಏನೆಂದು ವರ್ನೀಸಳಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಒಬ್ಬೊಬ್ಬರ ತಲೆಗೆ ಎಷ್ಟು ಹಾಸಿಗೆ ಕಟ್ಟುತ್ತಾರೆಂದು ಅವಳು ಬಲ್ಲಳು. ತಾನೇ ಅಮ್ಮನನ್ನು ಪಕ್ಕಕ್ಕೆ ಹೊರಳಿಸಿ, ಹಾಸು ಸುತ್ತಿ, ಹೊಸದನ್ನು ಬೆನ್ನಡಿಗೆ ತೂರಿಸಿದಳು. ಕೈ ತನ್ನ ಪಾಡಿಗೆ ತಾನು ಮಾಡಿತು, ಪರರ ತಾಯಂದಿರಿಗೆ ಮಾಡಿದ ಹಾಗೆಯೇ. ಆಗ ಅಮ್ಮ, ಓಲಾ ಮೇ, ಕಣ್ಣು ತೆರೆದಳು. ಮಗಳನ್ನು ನೋಡಿದಳು, ಅವಳ ಹಿಂದೆ ಇನ್ನಾರನ್ನೋ ನೋಡಿದಳು. "ತಪ್ಪಾಯ್ತು ಅಮ್ಮಾವ್ರೇ," ಎಂದಳು. "ನಾನೇ ಒಗೆದು ಕೊಡ್ತೀನಿ. ಇನ್ನೊಂದು ಸಲ ಹಿಂಗಾಗಲ್ಲ."

ಅಮ್ಮ, ನಾನು, ನೀಸಿ ಎಂದಳು ವರ್ನೀಸ್.

"ಆಯ್ತು ಅಮ್ಮಾವ್ರೇ."

ಆ ದನಿ ಅವಳಿಗೆ ಗೊತ್ತಿತ್ತು. ಅದು ಅಮ್ಮನ ದನಿಯಲ್ಲ, ಅಮ್ಮ ಉಟ್ಟುಕೊಳ್ಳುತ್ತಿದ್ದ ದನಿ. ಊರಿನ ಪೂರ್ವಕ್ಕೆ ದೊಡ್ಡ ಮರಗಳ ಸಾಲಿನಲ್ಲಿ ತಾನು ಮನೆಗೆಲಸ ಮಾಡುತ್ತಿದ್ದ ಬಿಳಿಯರ ಮನೆಗಳಿಂದ ಫೋನು ಬಂದಾಗ ಓಲಾ ಮೇ ಒಂದು ಕೈಯಿಂದ ಏಪ್ರನ್ನು ಸರಿಮಾಡಿಕೊಳ್ಳುತ್ತ, ಫೋನಿನಲ್ಲಿ ಕಾಣುವುದಿಲ್ಲವೆಂದು ಗೊತ್ತಿದ್ದೂ ಸರಿಮಾಡಿಕೊಳ್ಳುತ್ತ, ಆ ತೆಳ್ಳಗಿನ ದನಿಯಲ್ಲಿ ಮಾತಾಡುತ್ತಿದ್ದಳು. ಒಂದು ಬೇಸಿಗೆಯಲ್ಲಿ ವರ್ನೀಸಳನ್ನು ಜೊತೆಗೆ ಕರೆದುಕೊಂಡು ಹೋಗಿದ್ದಳು. ಏನನ್ನೂ ಮುಟ್ಟಬೇಡ ಎಂದು ಹಿಂಬಾಗಿಲ ಮೆಟ್ಟಿಲ ಮೇಲೆ ಕೂರಿಸಿದಳು. ಆ ಮನೆಯೊಡತಿ ನಿಂಬೆಪಾನಕ ತಂದುಕೊಟ್ಟಳು, ಲೋಟದಲ್ಲಲ್ಲ, ಉಪ್ಪಿನಕಾಯಿಯ ಖಾಲಿ ಸೀಸೆಯಲ್ಲಿ. ಒಳಗಿನಿಂದ ಅಮ್ಮನ ಅಮ್ಮಾವ್ರೇ, ಅಮ್ಮಾವ್ರೇ ಕೇಳಿಸುತ್ತಿತ್ತು. ಸಂಜೆ ಬಸ್ಸು ನಿಲ್ಲುವ ಮೂಲೆಯ ತನಕ ನಡೆಯುವಾಗ ಓಲಾ ಮೇ ಅರ್ಧ ದಾರಿಗೆ ಆ ದನಿಯನ್ನು ಬಿಸುಟು ತನ್ನ ದನಿಗೆ ಬಂದಳು. ಆ ಹೆಂಗಸು ನಡೆಯುವ ರೀತಿಯನ್ನು ಅಣಕಿಸಿ ತೋರಿಸಿ, ಬ್ಲೀಚಿನ ವಾಸನೆಯ ಕೈಯಿಂದ ಮಗಳ ತಲೆ ಸವರಿ, ಬಸ್ಸಿಗೆ ಕಾದು ನಿಂತವರೆಲ್ಲ ತಿರುಗಿ ನೋಡುವ ಹಾಗೆ ನಕ್ಕಳು. ಆ ನಗು ಬರುವ ತನಕ ಪುಟ್ಟ ವರ್ನೀಸ್ ಉಸಿರು ಹಿಡಿದುಕೊಂಡಿದ್ದಳು. ಆಸ್ಪತ್ರೆಯಲ್ಲಿ ಬಸ್ಸಿನ ಮೂಲೆ ಬರಲೇ ಇಲ್ಲ. ಮಧ್ಯಾಹ್ನವಿಡೀ ವರ್ನೀಸ್ ಅಮ್ಮಾವ್ರಾಗಿಯೇ ಉಳಿದಳು. ತುಟಿಗೆ ನೀರು ತಾಕಿಸಿದರೆ, ಬೇಡ ಅಮ್ಮಾವ್ರೇ, ನಿಮಗ್ಯಾಕೆ ತೊಂದರೆ. ದಿಂಬು ಎತ್ತಿಟ್ಟರೆ, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ ಅಮ್ಮಾವ್ರೇ.

ಐದೂವರೆಗೆ ಥರ್ಮನ್ ಬಂದ. ನನಗೆ ಪರೀಕ್ಷೆ ಇದೆ ಎಂದಳು. ಇವತ್ತಾ ಎಂದ ಅವನು. ಇದು ತಪ್ಪಿದರೆ ಒಂದು ವರ್ಷ ಹೋಯಿತು, ನರ್ಸಿಂಗಿಗೆ ಇದೇ ಮುಖ್ಯ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಅಮ್ಮನಿಗೂ ಇದೇ ಬೇಕಾಗಿತ್ತು ಎಂದು ಸೇರಿಸಿದಳು. ಥರ್ಮನ್ ಅಮ್ಮನ ಕಡೆ ತಿರುಗಿದ. ಅವನನ್ನು ಅಮ್ಮ ಗುರುತು ಹಿಡಿದು, ತರ್ಮೂ ಎಂದು ಕರೆದಳು. ಅದು ವರ್ನೀಸಳಿಗೆ ಬಾಗಿಲ ಹೊರಗೂ ಕೇಳಿಸಿತು.

ಪರೀಕ್ಷೆಗೆ ಹೋದದ್ದು ನಿಜ. ಬರೆಯಲು ಕೂತದ್ದು ನಿಜ. ಮೂಳೆಗಳ ಹೆಸರು ಬಂದವು, ಸ್ನಾಯುಗಳು ಬಂದವು. ಹೃದಯದ ಪ್ರಶ್ನೆಗೆ ಬಂದಾಗ, ಎರಡು ಹಾಳೆ ಖಾಲಿ ಇರುವಾಗಲೇ, ಎದ್ದು ಉತ್ತರಪತ್ರಿಕೆ ಕೊಟ್ಟು ಹೊರಗೆ ಬಂದಳು. ಆಸ್ಪತ್ರೆಗೆ ಹೋಗಬೇಕೆಂದೇ ಎದ್ದಿದ್ದಳು. ಹಜಾರದ ಯಂತ್ರದಲ್ಲಿ ಕಡಲೆಬೀಜದ ಬೆಣ್ಣೆ ಹಚ್ಚಿದ ಬಿಸ್ಕತ್ತಿನ ಪೊಟ್ಟಣ ತೆಗೆದುಕೊಂಡಳು. ಕಾರಿನಲ್ಲಿ ಕೂತಳು. ಕೀಲಿ ಕೈಯಲ್ಲೇ ಇತ್ತು. ಮೇ ತಿಂಗಳ ಬೆಳಕು ಇನ್ನೂ ಇತ್ತು, ಆಸ್ಪತ್ರೆ ಹತ್ತು ನಿಮಿಷದ ದಾರಿ. ವೃದ್ಧಾಶ್ರಮದಲ್ಲಿ ಎಷ್ಟೋ ಮುದುಕರ ಕೈ ಹಿಡಿದು ಕೊನೆಯುಸಿರಿನ ತನಕ ಕೂತವಳು ಅವಳು. ಸಾವಿಗೆ ಹೆದರುವ ಹೆಂಗಸಲ್ಲ. ಆದರೆ ಅಮ್ಮನ ಕೊನೆಯ ಮಾತು ಆ ದನಿಯಲ್ಲಿ ಬಂದರೆ? ಅದು ತನಗೇ ಹೇಳಿದ್ದಾದರೆ? ಅಮ್ಮ ಸಾಯುವಾಗ ಅವಳ ಹಾಸಿಗೆಯ ಪಕ್ಕದಲ್ಲಿ ಆ ಮನೆಯೊಡತಿಯಾಗಿ ನಿಂತಿರುವುದು ಅವಳಿಂದ ಆಗುತ್ತಿರಲಿಲ್ಲ. ಹಾಗೆಂದು ಆಗ ಅಂದುಕೊಂಡಳೋ, ಆಮೇಲೆ ಕಟ್ಟಿಕೊಂಡಳೋ, ಈಗ ಹೇಳುವುದು ಕಷ್ಟ. ಬಿಸ್ಕತ್ತು ತಿಂದಳು. ಜೊತೆಯವರು ಒಬ್ಬೊಬ್ಬರಾಗಿ ಹೊರಗೆ ಬಂದು, ಹೃದಯದ ಪ್ರಶ್ನೆಯ ಬಗ್ಗೆ ಗೊಣಗುತ್ತ ಕಾರು ಹತ್ತಿ ಹೋದರು. ಕೊನೆಯವನು ಹೋಗುವ ತನಕ ಕಾದಳು. ಪರೀಕ್ಷೆ ಈಗ ಮುಗಿಯಿತು ಎಂದುಕೊಂಡು ಕೀಲಿ ತಿರುಗಿಸಿದಳು. ಆಸ್ಪತ್ರೆಯ ಹಜಾರದಲ್ಲಿ ಥರ್ಮನ್ ಟೋಪಿ ಕೈಯಲ್ಲಿ ಹಿಡಿದು ಗೋಡೆಗೆ ಒರಗಿ ನಿಂತಿದ್ದ. "ಈಗ ಮುಗೀತು ಪರೀಕ್ಷೆ," ಎಂದಳು. "ಇಲ್ಲೂ ಈಗ್ಲೇ ಮುಗೀತು," ಎಂದ ಅವನು. ಅವಳ ಎದೆಯ ಮೇಲೆ ಬಿಸ್ಕತ್ತಿನ ಪುಡಿ ಇತ್ತು. ಅದನ್ನು ಅವನು ನೋಡಲಿಲ್ಲ, ಅಥವಾ ನೋಡಿಯೂ ಏನೆಂದು ತಿಳಿಯಲಿಲ್ಲ.

"ಮಿಸ್ ಗೇದರ್ಸ್?" ಹುಡುಗಿ ಕರೆದಳು. "ನೆನಪಿಸ್ಕೊಳ್ಳಿ, ಅವಸರ ಏನಿಲ್ಲ."

ಇದ್ದದ್ದನ್ನು ಹೇಳಿದರೂ ಸಾಕಾಗಿತ್ತು. ಪರೀಕ್ಷೆ ಇತ್ತು, ಅದೇ ಸಂಜೆ ಅಮ್ಮ ಸತ್ತಳು. ಎರಡೂ ನಿಜ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಮಾತ್ರ, ಅಮ್ಮನ ಬಳಿಗೆ ಓಡಿಹೋದಳು ಎನ್ನುವ ಸುಳ್ಳಾಗುತ್ತದೆ, ಅದು ಗೊತ್ತಿರುವುದು ಇಡೀ ಲೋಕದಲ್ಲಿ ಒಬ್ಬಳಿಗೇ. ಸಮಿತಿಯವರು ಅವಳ ಸ್ಥಿತಿಗೆ ಮರುಗುತ್ತಾರೆ. ಗೀಟು ಹೋಗುತ್ತದೆ. ಆಗಸ್ಟಿನಲ್ಲಿ ಬಿಳಿಯ ಬೂಟು. ಅಮ್ಮ ಬದುಕಿದ್ದರೆ ಅವಳೇ ಬೆನ್ನಿಗೆ ಗುದ್ದಿ ಹೇಳುತ್ತಿದ್ದಳು, ಬರೆಸೇ, ಸತ್ತವರಿಂದ ಇಷ್ಟಾದರೂ ಉಪಯೋಗ ಆಗಲಿ ಎಂದು. ಓಲಾ ಮೇ ಅಂಥ ಹೆಂಗಸೇ. ವರ್ನೀಸಳ ಬಾಯಿ ತೆರೆಯಿತು. ಅಂದು ಪರೀಕ್ಷೆಯನ್ನು ಮುಂದೆ ಹಿಡಿದು ಅಮ್ಮನಿಂದ ತಪ್ಪಿಸಿಕೊಂಡಿದ್ದಳು. ಇಂದು ಅಮ್ಮನನ್ನು ಮುಂದೆ ಹಿಡಿದು ಪರೀಕ್ಷೆಯಿಂದ. ಒಂದೇ ಸಂಜೆಯನ್ನು ಎರಡು ಬಾಗಿಲಿಗೆ ಅಡ್ಡ ಇಡುವುದು.

"ಇಲ್ಲ," ಎಂದಳು.

"ಏನೂ ಆಗಿರ್ಲಿಲ್ವಾ? ಆ ವಾರದಲ್ಲಿ, ಆಸುಪಾಸಿನಲ್ಲಿ?"

"ಇಲ್ಲ ಅಮ್ಮಾವ್ರೇ. ಏನೂ ಆಗಿರ್ಲಿಲ್ಲ."

ಆ ದನಿ ತೆಳ್ಳಗಿತ್ತು. ತನ್ನ ಗಂಟಲಿನಿಂದ ಅದು ಹೊರಟದ್ದನ್ನು ಅವಳು ಬೇರೆ ಯಾರೋ ಆಡಿದ ಹಾಗೆ ಕೇಳಿಸಿಕೊಂಡಳು. ಹುಡುಗಿ ಗಲಿಬಿಲಿಗೊಂಡು ಪರದೆಯ ಕಡೆ ತಿರುಗಿದಳು, ಅವಳ ಕಿವಿ ಕೆಂಪಾಯಿತು. ಕೀಲಿಗಳ ಮೇಲೆ ನಾಲ್ಕಾರು ಸಲ ಬಡಿದಳು. ಹಾಗಾದರೆ ಆಗಸ್ಟಿಗೆ ದೇಹರಚನೆಗೆ ಹೆಸರು ಹಾಕಲೇ ಎಂದು ಕೇಳಿದಳು. ಹಾಕಿ ಎಂದಳು ವರ್ನೀಸ್. ಸಂಜೆಯ ತರಗತಿ ಇದೆ ಎಂದಳು ಹುಡುಗಿ, ಅದಾದರೂ ಇವಳಿಗೆ ಸಂತೋಷವಾಗಲಿ ಅನ್ನುವ ಹಾಗೆ.

ಬಾಗಿಲು ಎಳೆದುಕೊಂಡು ಹೊರಗೆ ಬಂದಳು. ಅಮ್ಮ ಸತ್ತ ದಿನ ಏನೂ ಆಗಿರಲಿಲ್ಲವೆಂದು ತಾನೇ ಬಾಯಾರೆ ಹೇಳಿ, ಬರೆಸಿ ಬಂದಿದ್ದಳು. ಸರಿಯಾದದ್ದನ್ನೇ ಮಾಡಿದೆನೆಂದುಕೊಳ್ಳಲು ಹೋದರೆ ಅದು ಕೈಗೆ ಸಿಗುತ್ತಿರಲಿಲ್ಲ. ಐಚ್ಛಿಕ. ಅಂದರೆ ಬೇಕೆಂದು ಮಾಡಿಕೊಂಡದ್ದು. ತಂದೆತಾಯಿಗಳ ಸಾಲಿನ ಎದುರಿಗೆ ಹಾದುಹೋಗುವಾಗ ಪೆಪ್ಪರ್‌ಮಿಂಟಿನ ಹೆಂಗಸು ಕೈಯೆತ್ತಿ ಶುಭವಾಗಲಿ ಎಂದಳು. ವರ್ನೀಸ್ ತಾನೂ ಕೈಯೆತ್ತಿದಳು.

ಥರ್ಮನ್ ಕಾರಿನ ಕಿಟಕಿ ಇಳಿಸಿಕೊಂಡು, ಮಡಿಲಿನ ಮೇಲೆ ಮೇಣದ ಕಾಗದ ಹರಡಿ, ಕರಿದ ಮೀನಿನ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಪಕ್ಕದ ಸೀಟಿನ ಮೇಲೆ ಇನ್ನೊಂದು ಹಾಗೇ ಸುತ್ತಿಟ್ಟಿತ್ತು. ಅದನ್ನು ಎತ್ತಿ ಅವಳಿಗೆ ಕೂರಲು ಜಾಗ ಮಾಡಿಕೊಟ್ಟ.

"ಏನಂದ್ರು, ಪ್ರೊಫೆಸರಮ್ಮ?"

"ಎಲ್ಲಾ ಒಪ್ಪಿದಾರೆ. ಒಂದು ಬಿಟ್ಟು."

"ಯಾವ್ದು?"

"ದೇಹರಚನೆ. ಲೆಕ್ಕಕ್ಕಿಲ್ವಂತೆ. ಮತ್ತೆ ಓದ್ಬೇಕು."

ಅವನು ಅಗಿಯುವುದನ್ನು ನಿಲ್ಲಿಸಿದ. ಬೆರಳಿಗಂಟಿದ ಖಾರದ ಸಾಸನ್ನು ಕಾಗದಕ್ಕೆ ಒರೆಸಿಕೊಂಡ. ಅವಳು ಕಾದಳು, ಆ ಮಾತಿಗಾಗಿ, ನಗಲಾರದ ಆ ಮಾತಿಗಾಗಿ. ಅದನ್ನು ಅವನು ಆಡಲಿಲ್ಲ.

"ಆವತ್ತು ಬರೆದದ್ದಾ?" ಎಂದ.

"ಆವತ್ತು ಬರೆದದ್ದೇ."

ಅವನು ಎದುರಿನ ಗಾಜಿನಾಚೆ ನೋಡಿದ. ಚೀಲ ಬೆನ್ನಿಗೆ ಹಾಕಿಕೊಂಡ ಹುಡುಗ ಹುಡುಗಿಯರು ಹುಲ್ಲಿನ ಮೇಲೆ ಅಡ್ಡಹಾಯ್ದು ಹೋಗುತ್ತಿದ್ದರು. ಅವನು ಮಾತಾಡಿದಾಗ ದನಿಯಲ್ಲಿ ಕೊಂಕಿರಲಿಲ್ಲ. ಬರೀ ಒಂದು ಕೂಡಿಸುವ ಲೆಕ್ಕವನ್ನು ಕೊನೆಗೆ ಮುಗಿಸಿದವನ ಹಾಗಿತ್ತು.

"ಹಂಗಾದ್ರೆ ಪರೀಕ್ಷೆ ಬಿಟ್ಟು ನೀನು ಆವತ್ತು ಬರ್ಬಹುದಾಗಿತ್ತು ನೀಸಿ."

"ಹೌದು," ಎಂದಳು ವರ್ನೀಸ್. "ಬರ್ಬಹುದಾಗಿತ್ತು."

ಅವಳು ಹೇಳಿದ್ದು ಕಾರಿನಲ್ಲಿ ಸುಮ್ಮನೆ ಕೂತ ಆ ಹೊತ್ತಿನ ಮಾತೆಂದು ಅವನಿಗೆ ತಿಳಿಯಲಿಲ್ಲ. ತಿಳಿದವನ ಹಾಗೆ ತಲೆದೂಗಿದ. ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಅವನ ಕೈ ಅವಳ ಭುಜದ ಮೇಲೆ ಬಂದು ಕೂತಿತು. ಭಾರವಾದ ಕೈ, ಮೀನಿನ ವಾಸನೆಯದು. ಆಮೇಲೆ ಅದೇ ಕೈ ಸುತ್ತಿಟ್ಟಿದ್ದ ಪೊಟ್ಟಣವನ್ನು ಅವಳ ಮಡಿಲಿಗೆ ಹಾಕಿ, ತಿನ್ನು, ಆರಿಹೋಗುತ್ತೆ ಎಂದು ಕಾರಿನ ಕೀಲಿ ತಿರುಗಿಸಿತು.

ವರ್ನೀಸ್ ಕಾಗದ ಬಿಚ್ಚಿ ತಿಂದಳು. ಹಸಿವಾಗಿತ್ತು. ಆವತ್ತೂ ಹಸಿವಾಗಿತ್ತು.